ಎದೆಲ್ಮಿರಾಳ ಕೈತೂಕ

ಎದೆಲ್ಮಿರಾ ಚುಕಿವಾಂಕಾ ದಿನಕ್ಕೆ ಎಷ್ಟು ಸಲ "ಥೂ" ಎನ್ನುತ್ತಾಳೆಂದು ಎಣಿಸಿದವರಿಲ್ಲ. ಬೆಳಿಗ್ಗೆ ಹತ್ತಕ್ಕೆ ನೂರಾರು ಅಂಗಡಿಗಳ ಗ್ಯಾಲರಿಯ ಶಟರುಗಳು ಕಿರುಗುಟ್ಟಿ ಮೇಲೇಳುವಾಗ ಒಂದು. ಮೆಟ್ಟಿಲ ಬಳಿ ನಿಂತು ಬಂದವರ ತೋಳು ಹಿಡಿದೆಳೆಯುವ ದಲ್ಲಾಳಿಗಳನ್ನು ಕಂಡಾಗ ಒಂದು. ಯಾರಾದರೂ ಹಳೇ ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿ ತನ್ನ ಮೇಜಿನ ಮೇಲಿಟ್ಟಾಗಂತೂ ಮೂರು ನಾಲ್ಕು ಒಟ್ಟಿಗೇ ಬರುತ್ತವೆ. ಒಳಗೆ ಜಿರಳೆಯ ಮೊಟ್ಟೆ, ಯಾರದೋ ಕೂದಲು, ಒಣಗಿದ ಶಾವಿಗೆ ಸೂಪು. ಆಟ ಆಡುತ್ತಲೇ ಊಟ ಮಾಡುವ ಜನ, ಅರ್ಧ ಊಟ ಕಂಪ್ಯೂಟರಿಗೆ ಉಣಿಸುತ್ತಾರೆ. ಅವಳು ಗಂಟಲಿಗೆ ಬಂದ ವಾಕರಿಕೆಯನ್ನು ನುಂಗಿಕೊಂಡು, ಕೈಗೆ ಸ್ಪಿರಿಟ್ ಸುರಿದುಕೊಂಡು ಉಜ್ಜುತ್ತಾಳೆ. ಐವತ್ತನಾಲ್ಕು ವರ್ಷದ ಅವಳ ಬೆರಳುಗಳ ಚರ್ಮ ಈ ಉಜ್ಜಾಟದಲ್ಲೇ ಬಿರಿದುಹೋಗಿದೆ.

ಪೆರು ದೇಶದ ಲಿಮಾದ ವಿಲ್ಸನ್ ರಸ್ತೆಯಲ್ಲಿ ಕಂಪ್ಯೂಟರ್ ಬಿಟ್ಟು ಬೇರೇನೂ ಮಾರುವುದಿಲ್ಲ ಎನ್ನಬಹುದು. ಅಲ್ಲಿನ ಒಂದು ಗ್ಯಾಲರಿಯ ಎರಡನೇ ಮಹಡಿಯಲ್ಲಿ, ಮೆಟ್ಟಿಲ ಕೆಳಗಿನ ಮೂಲೆಯಲ್ಲಿ, ಒಂದು ಮೇಜು ಎರಡು ಸ್ಟೂಲು ಹಿಡಿಸುವಷ್ಟು ಜಾಗ ಅವಳದು. ತಲೆಯ ಮೇಲೆ ಕೈಬರಹದ ಬೋರ್ಡು: "ಕಂಪ್ಯೂಟರ್ ಆರಿಸಿಕೊಡುತ್ತೇನೆ. ಮಾರುವುದಿಲ್ಲ." ಗಿರಾಕಿ ತನ್ನ ಹತ್ತಿರ ಎಷ್ಟಿದೆ ಅಂತ ಹೇಳಬೇಕು. ಅವಳು ಜೊತೆಗೆ ಅಂಗಡಿ ಅಂಗಡಿ ತಿರುಗಿ, ಒಂದೊಂದೇ ಭಾಗ ಆರಿಸಿ, ತನ್ನ ಮೇಜಿನ ಮೇಲೆ ಜೋಡಿಸಿ ಕೊಡುತ್ತಾಳೆ. ಕೂಲಿ ಗಿರಾಕಿಯಿಂದ ಮಾತ್ರ. ಗ್ಯಾಲರಿಯಲ್ಲಿ ಆರಿಸಿಕೊಡುವವರು ಇನ್ನೂ ಏಳು ಮಂದಿ ಇದ್ದಾರೆ, ಅವರಿಗೆ ಅಂಗಡಿಯವರು ಶನಿವಾರ ಕಮಿಷನ್ನಿನ ಲಕೋಟೆ ಕಳಿಸುತ್ತಾರೆ. ಎದೆಲ್ಮಿರಾಳಿಗೆ ಮೊದಲ ವರ್ಷ ಬಂದ ಲಕೋಟೆಯನ್ನು ಅವಳು ಬಾಲ ಹಿಡಿದು ಇಲಿ ಎತ್ತುವ ಹಾಗೆ ಎರಡು ಬೆರಳಲ್ಲಿ ಎತ್ತಿಕೊಂಡು ಹೋಗಿ ಕಳಿಸಿದವನ ಗಲ್ಲಾದ ಮೇಲೆ ಹಾಕಿ ಬಂದಿದ್ದಳು. ಎರಡನೆಯದು ಬರಲಿಲ್ಲ.

ಅವಳಿಗೆ ಎಲ್ಲಕ್ಕಿಂತ ಹೆಚ್ಚು ಹೇಸಿಗೆ ಬಣ್ಣದ ದೀಪಗಳ ಮೇಲೆ. ಫ್ಯಾನಿಗೆ ದೀಪ, ತಂತಿಗೆ ದೀಪ, ಮೌಸಿನ ಹೊಟ್ಟೆಯಲ್ಲಿ ದೀಪ. "ಇದು ಕಂಪ್ಯೂಟರೋ, ಕುಂಬಿಯಾ ಬ್ಯಾಂಡಿನ ಸ್ಟೇಜೋ?" ಎಂದು ಅಂಗಡಿಯವರ ಮುಖಕ್ಕೇ ಕೇಳುತ್ತಾಳೆ. ಕಡಿಮೆ ದುಡ್ಡಿನವನು ಬಂದರೆ ಅವನಿಗೆ ಮೊದಲು ದೀಪ ತೋರಿಸುತ್ತಾರೆ, ಆಮೇಲೆ ಗಾಜಿನ ಕ್ಯಾಬಿನೆಟ್ ತೋರಿಸುತ್ತಾರೆ, ಕೊನೆಗೆ ಉಳಿದ ಚಿಲ್ಲರೆಯಲ್ಲಿ ಕರೆಂಟು ಹಂಚುವ ಡಬ್ಬಿ, ಅದೇ ಪವರ್ ಸಪ್ಲೈ, ಯಾವುದೋ ಒಂದನ್ನು ತುರುಕಿ ಕಳಿಸುತ್ತಾರೆ. ಮೂರು ತಿಂಗಳಿಗೆ ಅದು ಸತ್ತು, ಸಾಯುವಾಗ ಜೊತೆಯವರನ್ನೂ ಕರೆದುಕೊಂಡು ಹೋಗುತ್ತದೆ.

ಇದು ಅವಳು ಅನುಭವಿಸಿ ಕಲಿತದ್ದು. ಹಿಂದೆ ಕೋಮಸ್‌ನ ಗುಡ್ಡದ ಬಡಾವಣೆಯಲ್ಲಿ ಹನ್ನೆರಡು ಕಂಪ್ಯೂಟರಿನ ಇಂಟರ್ನೆಟ್ ಅಂಗಡಿ ಇಟ್ಟಿದ್ದಳು. ಗಂಟೆಗೆ ಬಾಡಿಗೆ ಒಂದು ಸೋಲ್, ಅಲ್ಲಿನ ರೂಪಾಯಿ. ಒಂದೇ ವಾರದಲ್ಲಿ ಮೂರು ಮೆಷಿನು ಸುಟ್ಟುಹೋದವು. ಸಿಟ್ಟಿನಲ್ಲಿ ಸತ್ತ ಡಬ್ಬಿಗಳನ್ನೂ ಬದುಕಿದ್ದವನ್ನೂ ಬಿಚ್ಚಿ ಸಾಲಾಗಿ ಇಟ್ಟು ನೋಡಿದಳು. ಎಲ್ಲದರ ಮೇಲೂ ಇಷ್ಟು ವ್ಯಾಟ್ ಎಂದು ಒಂದೇ ಸಂಖ್ಯೆ ಬರೆದ ಚೀಟಿ. ಆದರೆ ಸತ್ತವುಗಳ ಒಳಗೆ ಬರೀ ಗಾಳಿ. ಬದುಕಿದವುಗಳ ಒಳಗೆ ತಾಮ್ರ, ಕಬ್ಬಿಣ, ದಪ್ಪನೆಯ ಸುರುಳಿ. ಕೈಯಲ್ಲಿ ಎತ್ತಿದರೆ ಸಾಕು, ಗೊತ್ತಾಗುತ್ತಿತ್ತು.

ಅಂದಿನಿಂದ ಅವಳದು ಒಂದೇ ಪಾಠ. "ಹಿಂದಿನ ಗಲ್ಲೀಲಿ ಯಾರ್ ಬೇಕಾದ್ರೂ ಚೀಟಿ ಪ್ರಿಂಟ್ ಹಾಕ್ತಾರೆ. ತೂಕಾನ ಪ್ರಿಂಟ್ ಹಾಕಕ್ಕಾಗಲ್ಲ. ಎತ್ತಿ ನೋಡಿ." ಎಡಗೈಯಲ್ಲಿ ಒಂದು, ಬಲಗೈಯಲ್ಲಿ ಒಂದು ಇಟ್ಟುಕೊಂಡು, ಕಣ್ಣು ಮುಚ್ಚಿ, ಕೈಗಳನ್ನು ಸ್ವಲ್ಪ ಮೇಲೆ ಕೆಳಗೆ ಆಡಿಸುತ್ತಿದ್ದಳು. ಜನ ಅವಳಿಗೆ ತಕ್ಕಡಿ ಎಂದು ಹೆಸರಿಟ್ಟರು. ಯಾರೋ ಅದನ್ನು ವಿಡಿಯೊ ಮಾಡಿ ಹಾಕಿದ ಮೇಲೆ ಉತ್ತರದ ಊರುಗಳಿಂದಲೂ ಜನ ಬರತೊಡಗಿದರು. ಈಗ ಇಡೀ ಗ್ಯಾಲರಿಯಲ್ಲಿ ಯಾವ ಗಲ್ಲಾದ ಮುಂದೆ ನೋಡಿದರೂ ಗಿರಾಕಿಗಳು ಕಣ್ಣು ಮುಚ್ಚಿ, ಪಪ್ಪಾಯಿ ಕೊಳ್ಳುವವರ ಹಾಗೆ, ಎರಡು ಕೈಯಲ್ಲಿ ಎರಡು ಡಬ್ಬಿ ಆಡಿಸುತ್ತಾರೆ. ಅದನ್ನು ನೋಡುವಾಗ ಮಾತ್ರ ಅವಳು ಮೂಗು ಮುರಿಯುತ್ತಿರಲಿಲ್ಲ. ಈ ಹೊಲಸು ಜಾಗಕ್ಕೆ ತಾನು ಒಂದಾದರೂ ಒಳ್ಳೆಯದನ್ನು ಕಲಿಸಿದೆ ಎಂದು ಒಳಗೊಳಗೇ ಹಿಗ್ಗುತ್ತಿದ್ದಳು.

ಜೂನ್ ತಿಂಗಳ ಒಂದು ಬೂದು ಬೆಳಿಗ್ಗೆ ಮಾರ್ಲೆನಿ ಬಂದಳು. ಮೂವತ್ತಮೂರರ ಹೆಂಗಸು. ವ್ಯಾನಿನ ಬಾಗಿಲಲ್ಲಿ ನೇತಾಡುತ್ತಾ ಜನರನ್ನು ಕೂಗಿ ಹತ್ತಿಸಿಕೊಳ್ಳುವ ಕಂಡಕ್ಟರ್ ಕೆಲಸ, ಹಾಗಾಗಿ ಗಂಟಲು ಯಾವಾಗಲೂ ಒಡಕು.

"ಗುರುತು ಸಿಗ್ಲಿಲ್ವಾ ತೀಯಾ?" ಎಂದಳು. ಆ ಊರಿನಲ್ಲಿ ಕಿರಿಯರು ಹಿರಿಯ ಹೆಂಗಸನ್ನು ಹಾಗೇ ಕರೆಯುವುದು, ಅತ್ತೆ ಎಂದಂತೆ. "ಕೋಮಸ್‌ನಲ್ಲಿ ನಿಮ್ಮ ಏಳನೇ ನಂಬರ್ ಮೆಷಿನು. ಸ್ಕೂಲಿಗೆ ಚಕ್ಕರ್ ಹಾಕಿ ಬಂದು ಕೂತ್ಕೋತಿದ್ದೆ. ನೀವು ಕಿವಿ ಹಿಡಿದು ಆಚೆಗೆ ಹಾಕ್ತಿದ್ರಿ."

"ಕೀಬೋರ್ಡ್ ಮೇಲೆ ಉಪ್ಪು ಹಾಕಿ ಹುರಿದ ಜೋಳ ಚೆಲ್ಲಿದ್ದು ನೀನೇ ತಾನೆ?"

"ನಾನೇ."

"ಥೂ. ಇರುವೆ ಓಡಿಸಕ್ಕೆ ಒಂದು ವಾರ ಬೇಕಾಯ್ತು. ಕೂತ್ಕೋ ಮಗಳೇ."

ಮಾರ್ಲೆನಿಗೆ ಬೇಕಾದದ್ದು ಆಟದ ಕಂಪ್ಯೂಟರ್. ಮಗನಿಗಲ್ಲ, ತಮ್ಮನಿಗಲ್ಲ, ಅವಳಿಗೇ. ಇಬ್ಬರು ಕಂಡಕ್ಟರುಗಳು, ಮಾರ್ಕೆಟ್ಟಿನಲ್ಲಿ ಕೋಳಿ ಕತ್ತರಿಸುವವಳು, ಬ್ರೆಡ್ಡಿನಂಗಡಿಯವಳು, ಆಸ್ಪತ್ರೆ ಒರೆಸುವವಳು, ಹೀಗೆ ಐದು ಹೆಂಗಸರ ಒಂದು ತಂಡ. ಹೆಸರು "ಹತ್ತಿ ಹತ್ತಿ", ವ್ಯಾನಿನ ಬಾಗಿಲಿಂದ ಕೂಗುವ ಹಾಗೆ. ಆಟಕ್ಕೆ ಐವರು ಇರಲೇಬೇಕು. ನಾಲ್ವರಿಗೆ ಹೇಗೋ ಮೆಷಿನು ಇತ್ತು. ಮಾರ್ಲೆನಿ ಮಾತ್ರ ವ್ಯಾನಿನ ಕೊನೇ ಸ್ಟಾಪಿನ ಇಂಟರ್ನೆಟ್ ಅಂಗಡಿಯಲ್ಲಿ ಕೂತು ಆಡುತ್ತಿದ್ದಳು, ಈಗ ಅದು ಮುಚ್ಚಿ ಔಷಧಿ ಅಂಗಡಿ ಆಗಿದೆ. ಜುಲೈಯಲ್ಲಿ, ದೇಶದ ಸ್ವಾತಂತ್ರ್ಯೋತ್ಸವಕ್ಕೆ ಮುಂಚಿನ ವಾರಗಳಲ್ಲಿ, ಬಡಾವಣೆಗಳ ಪಂದ್ಯ. ಹೆಂಗಸರ ತಂಡ ಅಂತ ಇರುವುದು ಅವರದೊಂದೇ.

"ವ್ಯಾನಿನ ಗಂಡಸ್ರೆಲ್ಲಾ ಈಗಲೇ ನಗ್ತಿದಾರೆ ತೀಯಾ. ಸೌಟು ಹಿಡಿಯೋ ಕೈಗೆ ಮೌಸ್ ಯಾಕೆ ಅಂತ. ಒಂದ್ಸಲ ಅವರ ಮುಖ ನೋಡ್ಬೇಕು, ಅಷ್ಟೇ ನಂಗೆ. ಚೀಟಿ ಎತ್ತಿದೀನಿ. ಸಾವಿರದ ಒಂಬೈನೂರು ಸೋಲ್ ಇದೆ. ಇದು ಹಾಳಾದ್ರೆ ಇನ್ನೊಂದು ಚೀಟಿ ನನ್ನ ಸರದಿಗೆ ಬರೋದು ಎರಡು ವರ್ಷಕ್ಕೆ."

"ಹಾಳಾಗಲ್ಲ. ನಡಿ," ಎಂದು ಎದೆಲ್ಮಿರಾ ಎದ್ದಳು.

ಮೊದಲು ಹೋದದ್ದು ಕೆಳಮಹಡಿಯ ಎಲ್ಮೆರ್‌ನ ಅಂಗಡಿಗೆ. ಕೋಮಸ್ ಅಂಗಡಿಯಲ್ಲಿ ಅವಳ ಕೈಕೆಳಗೆ ಸ್ಕ್ರೂ ಬಿಗಿಯುವುದನ್ನು ಕಲಿತವನು ಎಲ್ಮೆರ್. ಈಗ ನಲವತ್ತು ದಾಟಿದೆ, ಹೊಟ್ಟೆ ಬಂದಿದೆ, ಮೂರು ಅಂಗಡಿ ಇವೆ. ಎದೆಲ್ಮಿರಾ ಕೊಳ್ಳುವ ಪವರ್ ಸಪ್ಲೈಗಳೆಲ್ಲ ಅವನ ಹತ್ತಿರವೇ. ಲಕೋಟೆಯ ಕಾರಣಕ್ಕಲ್ಲ, ಅವನು ತನ್ನ ಕೈಯಲ್ಲಿ ಬೆಳೆದವನು ಎಂಬ ಕಾರಣಕ್ಕೆ.

"ಬನ್ನಿ ತೀಯಾ, ತಕ್ಕಡಿಗೆ ಜಾಗ ಬಿಡ್ರಪ್ಪಾ!" ಎಂದು ಅವನು ಗಲ್ಲಾ ಒರೆಸಿದ.

ಅವಳು ಮೂರು ಡಬ್ಬಿ ಎತ್ತಿ ನೋಡಿದಳು. ಎರಡನ್ನು ಥೂ ಎಂದು ಬದಿಗೆ ತಳ್ಳಿದಳು. ಮೂರನೆಯದು ಕಪ್ಪು ಡಬ್ಬಿ, ಮೇಲೆ ರೆಕ್ಕೆ ಬಿಚ್ಚಿದ ಹದ್ದಿನ ಚಿತ್ರ. ಏಳೆಂಟು ತಿಂಗಳಿಂದ ಅವಳು ಅದನ್ನೇ ಆರಿಸುತ್ತಿದ್ದಳು. ಬೆಲೆ ಕಡಿಮೆ, ಕೈಗೆ ಭರ್ತಿ.

"ನೀನೂ ಎತ್ತು," ಎಂದು ಮಾರ್ಲೆನಿಯ ಕೈಗಿಟ್ಟಳು.

ಮಾರ್ಲೆನಿ ಕಣ್ಣು ಮುಚ್ಚಿದಳು. "ಅಯ್ಯೋ, ಆಲೂಗಡ್ಡೆ ಮೂಟೆ ಇದ್ದಂಗಿದೆ!"

"ಅದೇ ಬೇಕಾಗಿರೋದು. ಇದು ಗಟ್ಟಿ ಇದ್ರೆ ಉಳಿದಿದ್ದೆಲ್ಲಾ ಬದುಕತ್ತೆ."

ಆಮೇಲೆ ಗ್ರಾಫಿಕ್ಸ್ ಕಾರ್ಡಿನ ಅಂಗಡಿ. ಹುಡುಗರೆಲ್ಲ ಆಸೆಪಡುವ ದೊಡ್ಡ ಕಾರ್ಡೊಂದನ್ನು ಅರ್ಧ ಬೆಲೆಗೆ ಮುಂದಿಟ್ಟರು. ಎದೆಲ್ಮಿರಾ ಅದನ್ನು ಮೂಗಿನ ಹತ್ತಿರ ತಂದಳು.

"ನಿಂಬೆಹಣ್ಣಿನ ವಾಸನೆ ಯಾಕ್ರೀ?"

"ಹೊಸದು ಸೆನ್ಯೋರಾ, ಕ್ಲೀನಾಗಿದೆ ಅಷ್ಟೇ."

"ಹೊಸದಕ್ಕೆ ಪಾತ್ರೆ ಸೋಪು ಹಾಕಿ ಸ್ನಾನ ಮಾಡ್ಸಿದ್ರಾ? ಇಲ್ಲಾ ನಿಂಬೆರಸದಲ್ಲಿ ನೆನೆಸಿ ಮೀನಿನ ಸೆವಿಚೆ ಮಾಡಕ್ಕಿಟ್ಟಿದ್ರಾ? ಥೂ, ಎರಡು ವರ್ಷ ಹಗಲೂ ರಾತ್ರಿ ಬಿಟ್‌ಕಾಯಿನ್ ಗಣೀಲಿ ಬೆವರು ಸುರಿಸಿದ ಮುದುಕನ್ನ ಮದುಮಗ ಅಂತ ಕೂರಿಸಿದೀರಲ್ರೀ!"

ಮಾರ್ಲೆನಿ ನಕ್ಕು ನಕ್ಕು ಕೆಮ್ಮಿದಳು. ಕಾರ್ಡು ಬೇಡವೆಂದು ತೀರ್ಮಾನವಾಯಿತು. ಚಿತ್ರ ಬಿಡಿಸುವ ಶಕ್ತಿ ಒಳಗೇ ಇರುವ ಪ್ರೊಸೆಸರೊಂದನ್ನು ಎದೆಲ್ಮಿರಾ ಆರಿಸಿದಳು. ಹದಿನಾರು ಜಿಬಿಯ ಒಂದು ಮೆಮೊರಿ ಬದಲು ಎಂಟೆಂಟು ಜಿಬಿಯ ಎರಡು, ಯಾಕೆಂದರೆ ಅಂಥ ಪ್ರೊಸೆಸರಿಗೆ ಎರಡು ಕಾಲಲ್ಲಿ ನಡೆದರೇ ಓಟ. ಸಾದಾ ಮದರ್‌ಬೋರ್ಡು. ದೀಪವಿಲ್ಲದ ತಗಡಿನ ಕ್ಯಾಬಿನೆಟ್. ಮಾರ್ಲೆನಿ ನೇರಳೆ ಬಣ್ಣದಲ್ಲಿ ಮಿನುಗುವ ಫ್ಯಾನೊಂದರ ಮುಂದೆ ಸ್ವಲ್ಪ ಹೊತ್ತು ನಿಂತಳು, ಎದೆಲ್ಮಿರಾಳ ಮುಖ ನೋಡಿ ಮುಂದೆ ನಡೆದಳು.

ಸಂಜೆಯೊಳಗೆ ಮೆಷಿನು ತಯಾರಾಯಿತು. ಎರಡು ಗಂಟೆ ಓಡಿಸಿ ನೋಡಿದರು, ಒಂದು ಸದ್ದಿಲ್ಲ. ಮಾರ್ಲೆನಿ ಅದನ್ನು ಕಂಬಳಿಯಲ್ಲಿ ಸುತ್ತಿ, ತನ್ನದೇ ವ್ಯಾನಿನಲ್ಲಿ, ಒಂದು ಸೀಟಿನ ಚಾರ್ಜು ಕೊಟ್ಟು ಕೂರಿಸಿಕೊಂಡು ಹೋದಳು.

ಐದನೇ ವಾರದ ಸೋಮವಾರ ಅವಳು ಮತ್ತೆ ಬಂದಳು. ಅವಳಿಗಿಂತ ಮುಂಚೆ ವಾಸನೆ ಬಂತು. ಸುಟ್ಟ ವಾರ್ನಿಶ್, ಸುಟ್ಟ ಪ್ಲಾಸ್ಟಿಕ್, ಅದರ ಮೇಲೆ ಕಂಬಳಿಯ ಉಣ್ಣೆಗೆ ಹತ್ತಿದ ಹೊಗೆ. ಎದೆಲ್ಮಿರಾ ಮೂಗು ಮುಚ್ಚಿಕೊಂಡು ಮೇಜು ತೆರವು ಮಾಡಿದಳು.

ಮಾರ್ಲೆನಿ ಅಳುತ್ತಿರಲಿಲ್ಲ. ತಪ್ಪು ಮಾಡಿ ಬಂದವಳ ಹಾಗೆ ತಲೆ ತಗ್ಗಿಸಿದ್ದಳು. "ನಿನ್ನೆ ಮೊದಲ್ನೇ ಪಂದ್ಯ ತೀಯಾ. ಗೆಲ್ತಾ ಇದ್ವಿ. ಢಮ್ ಅಂತು. ನಾನಿಲ್ದೆ ಅವರು ನಾಲ್ಕೇ ಜನ ಆಗಿ ಸೋತ್ರು. ಬರೋ ಭಾನುವಾರ ಇನ್ನೊಂದು ಅವಕಾಶ ಇದೆ, ಅದೂ ಸೋತ್ರೆ ಮನೆಗೇ." ಕಂಬಳಿಯ ಗಂಟನ್ನು ಮೇಜಿನ ಮೇಲಿಟ್ಟು ಹೇಳಿದಳು, "ನಂದೇ ತಪ್ಪು. ನಮ್ಮನೆ ಪ್ಲಗ್ ಸರಿ ಇಲ್ಲ ಅನ್ಸತ್ತೆ. ನೀವು ಆರಿಸಿದ್ದನ್ನ ನಾನು ಹಾಳ್ಮಾಡ್ದೆ."

"ಅಕ್ಕ ಪಕ್ಕ ಬೇರೇನಾದ್ರೂ ಸುಡ್ತಾ?"

"ಇಲ್ಲ. ಫ್ರಿಜ್ಜು ಓಡ್ತಾನೇ ಇತ್ತು."

ಎದೆಲ್ಮಿರಾ ಕಂಬಳಿ ಬಿಡಿಸಿ ಮೆಷಿನಿನ ತಗಡು ತೆಗೆದಳು. ಬೋರ್ಡು ನೋಡಿದಳು, ಕಪ್ಪಾಗಿತ್ತು. ಪ್ರೊಸೆಸರೂ ಹೋಗಿತ್ತು. ಕೊನೆಗೆ ಹದ್ದಿನ ಚಿತ್ರದ ಡಬ್ಬಿಯನ್ನು ಹೊರತೆಗೆದು ಅಂಗೈಯಲ್ಲಿಟ್ಟಳು. ಸತ್ತಿದ್ದರೂ ಅದೇ ತೂಕ, ಅದೇ ಭರ್ತಿ. ಹದಿನೆಂಟು ವರ್ಷದಿಂದ ಅವಳು ಹೊಸ ಪವರ್ ಸಪ್ಲೈಯೊಂದನ್ನೂ ಬಿಚ್ಚಿರಲಿಲ್ಲ. ಬಿಚ್ಚಿದರೆ ಗ್ಯಾರಂಟಿ ಹೋಗುತ್ತದೆ. ಅಲ್ಲದೆ ಕೈ ಹೇಳಿದ ಮೇಲೆ ಕಣ್ಣಿಗೇನು ಕೆಲಸ ಎಂಬ ಜಂಬ ಬೇರೆ. ಇವತ್ತು ನಾಲ್ಕು ಸ್ಕ್ರೂ ತೆಗೆದಳು.

ಒಳಗೆ ಹೆಬ್ಬೆರಳ ಗಾತ್ರದ ಒಂದು ಸುರುಳಿ, ಕೂದಲಿನಂಥ ನಾಲ್ಕು ತಂತಿ. ಉಳಿದ ಜಾಗದಲ್ಲಿ, ಕಪ್ಪು ಟೇಪು ಸುತ್ತಿ ಮುಚ್ಚಳಕ್ಕೆ ಅಂಟಿಸಿದ ಒಂದು ಗಟ್ಟಿ. ಟೇಪು ಕಿತ್ತಳು. ಸಿಮೆಂಟು. ಒರಟು ಮರಳು ಕಾಣುವ, ಮನೆ ಕಟ್ಟುವ ಸಿಮೆಂಟು. ಹಸಿ ಇರುವಾಗ ಒತ್ತಿದವನ ಹೆಬ್ಬೆಟ್ಟಿನ ಗುರುತು ಅದರ ಮೇಲೆ ಸ್ಪಷ್ಟವಾಗಿ ಮೂಡಿತ್ತು.

ಆ ಹೆಬ್ಬೆಟ್ಟನ್ನು ನೋಡಿ ಅವಳಿಗೆ ಬಂದ ಅಸಹ್ಯ ಜಿರಳೆ ಮೊಟ್ಟೆಗೂ ಬಂದಿರಲಿಲ್ಲ. ಯಾರೋ ಒಬ್ಬ ಕೂತು, ಅಳತೆ ಮಾಡಿ, ಅಚ್ಚಿಗೆ ಸುರಿದು, ಪ್ರೀತಿಯಿಂದ ತಟ್ಟಿ ಮಾಡಿದ್ದ. ಮಾರ್ಲೆನಿ ಮೇಜಿನ ಆಚೆ ಬದಿಯಲ್ಲಿ ಕೂತಿದ್ದಳು, ಎತ್ತಿದ ಮುಚ್ಚಳದ ಮರೆಯಲ್ಲಿ ಅವಳಿಗೆ ಅದು ಕಂಡಿರಲಿಲ್ಲ. ಎದೆಲ್ಮಿರಾ ಗಟ್ಟಿಯನ್ನು ಕೋಟಿನ ಜೇಬಿಗೆ ಹಾಕಿಕೊಂಡು, "ಇಲ್ಲೇ ಇರು," ಎಂದು ಕೆಳಗಿಳಿದಳು.

ಎಲ್ಮೆರ್ ಊಟಕ್ಕೆ ಕೂತಿದ್ದ. ಅವಳು ಸಿಮೆಂಟಿನ ಗಟ್ಟಿಯನ್ನು ಅವನ ಅನ್ನದ ತಟ್ಟೆಯ ಪಕ್ಕ ಇಟ್ಟಳು.

"ಇದೇನೋ?"

ಅವನು ಚಮಚ ಕೆಳಗಿಟ್ಟ. ಗಾಬರಿ ಬೀಳಲಿಲ್ಲ. ಎದ್ದು ಹೋಗಿ ಅಂಗಡಿಯ ಗಾಜಿನ ಬಾಗಿಲು ಎಳೆದು ಬಂದ.

"ಗೊತ್ತಿತ್ತಾ ನಿಂಗೆ?"

"ಇಲ್ಲ ಅಂದ್ರೆ ನಂಬ್ತೀರಾ?"

"ಥೂ! ನನ್ನ ಕೈತುತ್ತು ಉಂಡೋನು ನೀನು! ಜನರ ಕಣ್ಣಿಗೆ ಮಣ್ಣೆರಚಿದ್ದು ಸಾಲ್ದು ಅಂತ ಈಗ ಸಿಮೆಂಟು ಬೇರೆ!"

"ತೀಯಾ, ಒಂದ್ನಿಮಿಷ ಕೇಳಿ. ಮೊದ್ಲು ಈ ಮಾಲು ಹಗುರಾನೇ ಬರ್ತಿತ್ತು. ಒಳಗೆ ಇದೇ ಸುರುಳಿ, ಇದೇ ತಂತಿ. ಜನ ಎತ್ತಿ ನೋಡಿ ವಾಪಸ್ ಇಡ್ತಿದ್ರು. ನೀವು ಥೂ ಅಂತಿದ್ರಿ. ಹೊರಗಿಂದ ಮಾಲು ತರಿಸೋನು ನನ್ನ ಕೇಳ್ದ, ಯಾಕೆ ಹೋಗ್ತಿಲ್ಲ ಅಂತ. ತೂಕ ಇಲ್ಲ ಅಂದೆ. ಅಷ್ಟೇ ನಾನು ಅಂದಿದ್ದು. ಮುಂದಿನ ಸಲ ತೂಕ ಇತ್ತು."

"ತಾಮ್ರ ಹಾಕ್ಬೇಕಿತ್ತು!"

"ಈ ರೇಟಿಗಾ?" ಎಂದು ಅವನು ನಿಜವಾಗಿಯೂ ಆಶ್ಚರ್ಯಪಟ್ಟ. "ಇಡೀ ಪೆರುನಲ್ಲಿ ಪವರ್ ಸಪ್ಲೈನ ಹಿಂಗೆ ಕೈಯಲ್ಲಿ ತೂಗೋರು ಯಾರು ತೀಯಾ? ಈ ಗ್ಯಾಲರಿಯೋರು. ಇವರಿಗೆ ಕಲಿಸ್ದೋರು ಯಾರು? ಈ ಸಿಮೆಂಟು ಗಿರಾಕಿಗಲ್ಲ. ಇದನ್ನ ನಿಮ್ಮ ಕೈಗೆ ಅಂತಲೇ ಮಾಡಿರೋದು."

ಅವಳಿಗೆ ಉಗಿಯಬೇಕೆನಿಸಿತು. ಬಾಯಿ ಒಣಗಿತ್ತು.

ಎಲ್ಮೆರ್ ದನಿ ತಗ್ಗಿಸಿದ. "ಕಂಬಳಿ ಗಂಟು ಹೊತ್ಕೊಂಡು ಮೇಲೆ ಹೋದೋಳನ್ನ ನೋಡ್ದೆ. ಅವಳಿಗೆ ಸಾಯಂಕಾಲದೊಳಗೆ ಎಲ್ಲಾ ಹೊಸದು ಕೊಡ್ತೀನಿ. ಬೋರ್ಡು, ಪ್ರೊಸೆಸರ್ರು, ಒಳ್ಳೇ ಪವರ್ ಸಪ್ಲೈ, ತಾಮ್ರ ಇರೋದೇ. ಅವಳ ಕಾಸು ಬೇಡ, ನಿಮ್ಮ ಕಾಸು ಬೇಡ. ಮನೆ ಪ್ಲಗ್ಗಿಂದ ಸುಡ್ತು ಅಂತ ಅವಳೇ ಅಂದ್ಕೊಂಡಿದ್ರೆ ಹಂಗೇ ಬಿಡಿ. ನಿಮ್ಮ ಹೆಸರು ಉಳಿಯತ್ತೆ. ತಕ್ಕಡೀಗೆ ಸಿಮೆಂಟು ಮಾರಿದ್ರು ಅಂತ ಗೊತ್ತಾದ್ರೆ ನಾಳೆ ನಿಮ್ಮ ಮೇಜಿನ ಹತ್ರ ಯಾರು ಬರ್ತಾರೆ?"

ಮಾರ್ಲೆನಿ ಪ್ಲಗ್ಗಿನ ಮಾತಾಡಿದ್ದು ಮೇಲೆ, ತನ್ನ ಒಬ್ಬಳ ಮುಂದೆ. ಇವನಿಗೆ ಅದು ಹೇಗೆ ಗೊತ್ತಾಯಿತು? ಮರುಕ್ಷಣವೇ ಹೊಳೆಯಿತು. ಸುಟ್ಟವರೆಲ್ಲ ಹಾಗೇ ಅಂದುಕೊಂಡಿದ್ದರು. ಹದ್ದಿನ ಡಬ್ಬಿ ಹಿಡಿದು ಇವನ ಗಲ್ಲಾಕ್ಕೆ ಬಂದವರೆಲ್ಲ ಎದೆಲ್ಮಿರಾಳ ಕೈ ತಪ್ಪುವುದಿಲ್ಲ, ನಮ್ಮ ಮನೆಯ ಕರೆಂಟೇ ಸರಿಯಿಲ್ಲ ಎಂದು ತಲೆ ತಗ್ಗಿಸಿ ಹೋಗಿದ್ದರು. ಇವನು ಅವಳ ಹೆಸರನ್ನು ಗಲ್ಲಾದ ಕೆಳಗಿಟ್ಟುಕೊಂಡು ಇಷ್ಟು ತಿಂಗಳು ಅಂಗಡಿ ನಡೆಸಿದ್ದ.

"ಎಷ್ಟು ಜನ ಬಂದಿದ್ರು ಹಿಂಗೆ?"

ಎಲ್ಮೆರ್ ಚಮಚ ಎತ್ತಿಕೊಂಡ. ತಣ್ಣಗಾಗುತ್ತಿದ್ದ ಅನ್ನ ನೋಡಿದ.

ಅವಳು ಸಿಮೆಂಟನ್ನು ಎತ್ತಿಕೊಂಡು ಹೊರಬಂದಳು. ಮೆಟ್ಟಿಲು ಹತ್ತುವಾಗ ಅವನ ಮಾತು ಬೆನ್ನಿಗೇ ಬರುತ್ತಿತ್ತು. ಸುಳ್ಳೇನೂ ಹೇಳಿರಲಿಲ್ಲ. ಸಾಯಂಕಾಲದೊಳಗೆ ಮೆಷಿನು ಸಿಗುತ್ತದೆ, ಭಾನುವಾರ ಐವರೂ ಆಡುತ್ತಾರೆ, ಮಾರ್ಲೆನಿ ಮನೆಯ ಪ್ಲಗ್ ಬದಲಾಯಿಸಿ ಸುಮ್ಮನಾಗುತ್ತಾಳೆ. ಒಂದು ಮಾತು ನುಂಗಿದರೆ ಸಾಕು. ಸ್ಕೂಲಿನ ಹುಡುಗಿಯೊಬ್ಬಳು ಮೆಟ್ಟಿಲ ಬಳಿಯ ಅಂಗಡಿಯಲ್ಲಿ ಎರಡು ಡಬ್ಬಿ ಹಿಡಿದು, ಕಣ್ಣು ಮುಚ್ಚಿ, ಮೇಲೆ ಕೆಳಗೆ ಆಡಿಸುತ್ತಿದ್ದಳು. ಎದೆಲ್ಮಿರಾಳಿಗೆ ತನ್ನ ಬಲಗೈಯನ್ನು ಕಂಡರೆ ಹೇಸಿಗೆಯಾಯಿತು. ಸ್ಪಿರಿಟ್ ಸುರಿದು ಉಜ್ಜಿದರೆ ಹೋಗುವಂಥದ್ದಲ್ಲ ಅದು.

ಮೇಜಿನ ಹತ್ತಿರ ಮಾರ್ಲೆನಿ ಎರಡು ಲೋಟ ಬಿಸಿ ಬಾರ್ಲಿ ಕಷಾಯ ತಂದಿಟ್ಟುಕೊಂಡು ಕಾಯುತ್ತಿದ್ದಳು.

"ಪ್ಲಗ್ಗೇ ಅಲ್ವಾ ತೀಯಾ?"

"ಅಲ್ಲ. ನಿಂದೇನೂ ತಪ್ಪಿಲ್ಲ ಮಗಳೇ. ನನ್ನ ಕೈ ತಪ್ತು." ಅವಳು ಗಟ್ಟಿಯನ್ನು ಮಾರ್ಲೆನಿಯ ಅಂಗೈಯಲ್ಲಿಟ್ಟಳು. "ನಿನ್ನ ಪವರ್ ಸಪ್ಲೈ ಒಳಗಿದ್ದ ತೂಕ ಇದು."

ಮಾರ್ಲೆನಿ ಆ ಹೆಬ್ಬೆಟ್ಟಿನ ಗುರುತಿನ ಮೇಲೆ ಬೆರಳಾಡಿಸಿದಳು. ಬೈಯಬಹುದಿತ್ತು, ವ್ಯಾನಿನ ಬಾಗಿಲಲ್ಲಿ ದಿನಾ ಅವಳು ಬೈಯುವ ಬೈಗುಳದಲ್ಲಿ ಕಾಲುಭಾಗ ಸಾಕಿತ್ತು. ಬೈಯಲಿಲ್ಲ. ಅವಳ ಕೈ ತನ್ನಷ್ಟಕ್ಕೆ ತಾನೇ, ಆವತ್ತು ಕಲಿತ ಹಾಗೆ, ಸ್ವಲ್ಪ ಮೇಲೆ ಕೆಳಗೆ ಆಡಿತು.

"ಆವತ್ತು ಎತ್ತಿದಾಗ ನಂಗೆಷ್ಟು ಖುಷಿಯಾಗಿತ್ತು ಗೊತ್ತಾ," ಎಂದಳು.

ಎದೆಲ್ಮಿರಾ ಸ್ಕ್ರೂಡ್ರೈವರ್ ತೆಗೆದುಕೊಂಡು ಮೇಜಿನ ಕೆಳಗಿದ್ದ ತನ್ನದೇ ಮೆಷಿನನ್ನು ಎಳೆದು, ಅದರ ಭಾಗಗಳನ್ನು ಮಾರ್ಲೆನಿಯ ಕ್ಯಾಬಿನೆಟ್ಟಿಗೆ ಹಾಕಲೆಂದು ಬಿಚ್ಚತೊಡಗಿದಳು. ಅದರ ಪವರ್ ಸಪ್ಲೈ ಕೋಮಸ್ ಕಾಲದ್ದು, ಒಳಗೆ ಏನಿದೆಯೆಂದು ಅವಳೇ ಕಣ್ಣಾರೆ ಕಂಡದ್ದು. ಬೋರ್ಡು, ಪ್ರೊಸೆಸರ್ ಮಾರ್ಲೆನಿ ಕೊಂಡಿದ್ದಕ್ಕಿಂತ ಸ್ವಲ್ಪ ಹಳೆಯವು, ಆದರೂ ಆಟ ಓಡುತ್ತದೆ. "ಭಾನುವಾರ ಇದರಲ್ಲಿ ಆಡು. ಇನ್ಮೇಲೆ ನಿಂದೇ," ಎಂದಳು. ಮಾರ್ಲೆನಿ ಬೇಡವೆನ್ನಲು ಬಾಯಿ ತೆರೆದಳು, ಅವಳ ಮುಖ ನೋಡಿ ಮುಚ್ಚಿಕೊಂಡಳು.

ಮಾರ್ಲೆನಿ ಮೆಷಿನನ್ನು ಕಂಬಳಿಯಲ್ಲಿ ಸುತ್ತಿಕೊಂಡು ಹೊರಟುಹೋದ ಮೇಲೆ ಎದೆಲ್ಮಿರಾ ಸಿಮೆಂಟಿನ ಗಟ್ಟಿಯನ್ನು, ಹೆಬ್ಬೆಟ್ಟು ಮೇಲೆ ಬರುವ ಹಾಗೆ, ಮೇಜಿನ ಮುಂದುಗಡೆ ಎಲ್ಲರಿಗೂ ಕಾಣುವಂತೆ ಇಟ್ಟಳು. ಗಿರಾಕಿಗಳ ಫೋನ್ ನಂಬರಿನ ಪುಸ್ತಕ ತೆಗೆದಳು. ಎಂಟು ತಿಂಗಳು ಹಿಂದಕ್ಕೆ ಹೋದಳು. ನಲವತ್ತೊಂದು ಹೆಸರು. ಮೊದಲನೆಯವನು ಚೋರಿಯೋಸ್‌ನ ಮೀನುಗಾರ, ಇಬ್ಬರು ಹೆಣ್ಣುಮಕ್ಕಳು, ಅವರು ಮಲಗುವ ಕೋಣೆಯಲ್ಲೇ ಮೆಷಿನು ಇಟ್ಟಿದ್ದಾನೆಂದು ಅವಳಿಗೆ ನೆನಪಿತ್ತು. ಅವನ ನಂಬರು ಒತ್ತಿದಳು.

"ಯಾರು? ಓ, ತಕ್ಕಡಿ ಅಮ್ಮ! ಹೇಳಿ ಹೇಳಿ!"

"ಮೆಷಿನ್ ಆಫ್ ಮಾಡಿ. ಗೋಡೆಯಿಂದ ವೈರ್ ಕಿತ್ತು ಹಾಕಿ. ಈಗಲೇ. ನಾನು ಕೊಡಿಸಿದ ಪವರ್ ಸಪ್ಲೈ ಮೋಸದ್ದು."

ಆ ಕಡೆ ಅವನು ಜೋರಾಗಿ ನಕ್ಕ. "ಏನ್ ತಮಾಷೆ ಮಾಡ್ತೀರಾ ಅಮ್ಮಾ. ಮೋಸದ್ದು ಹೆಂಗಾಗತ್ತೆ? ನೀವು ಹೇಳಿದ್ರಿ ಅಂತ ನನ್ನ ಕೈಯಾರೆ ಎತ್ತಿ ನೋಡಿದೀನಿ. ಎಂಥಾ ತೂಕ ಇದೆ ಅಂತೀರಾ!"